ಏಕಶಿಲಾ ಕಾಫಿ, ವಿಮಾನ ನಿಲ್ದಾಣ ಶಾಖೆ

ಜನವರಿ 6, ಮಂಗಳವಾರ

ಮಧ್ಯಾಹ್ನ ಅಜರ್ ಲೈಬ್ರರಿಗೆ ಬಂದಿದ್ದ. ಬೈಂಡರ್ ಜಹೀರ್ ಅಹಮದ್ ಅವರ ಮಗ. ಶಿರಾ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ಪತ್ರಿಕೆಗಳಿಗೆ ಸೀಲು ಹೊಡೆಯುತ್ತಿದ್ದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಮೇಜಿನ ಪಕ್ಕ ನಿಂತ. ಇಲ್ಲಿ ಚಪ್ಪಲಿ ಬಿಡುವ ನಿಯಮವಿಲ್ಲ.

"ಅಂಕಲ್, ಅಬ್ಬಾ ಅಮ್ಮಿ ಉಮ್ರಾಗೆ ಹೊಂಟವ್ರೆ. ಇಪ್ಪತ್ತೆರಡನೇ ತಾರೀಕು ಫ್ಲೈಟು."

"ಒಳ್ಳೇದು."

"ಸೋಮವಾರ ನಿಮ್ಗೆ ರಜಾ ಅಲ್ವಾ. ಅವತ್ತು ಅಬ್ಬಾ ಮನೆಗೆ ಬರ್ತಾರಂತೆ. ಇರ್ತೀರಾ?"

"ನೋಡೋಣ."

ಯಾಕೆ ಬರುತ್ತಾರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಶಿರಾದಲ್ಲಿ ಇಪ್ಪತ್ತಾರು ವರ್ಷ ಇದ್ದವನಿಗೆ ಹೇಳಬೇಕಾಗಿಲ್ಲ. ಮಕ್ಕಾಗೆ ಹೊರಟವರು ಹೊರಡುವ ಮೊದಲು ಗೊತ್ತಿದ್ದವರ ಮನೆಗೆಲ್ಲ ಹೋಗಿ, ಆಡಿದ್ದು ಮಾಡಿದ್ದು ಏನಿದ್ದರೂ ಮಾಫ್ ಮಾಡಿ ಎಂದು ಕೇಳಿಕೊಳ್ಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಾಯಿಬಿಟ್ಟು ಮನ್ನಿಸಬೇಕು. ಒಬ್ಬ ಬಾಕಿ ಉಳಿದರೂ ಯಾತ್ರೆ ಅರ್ಧ ದಾರಿಯಲ್ಲೇ ನಿಂತಂತೆ. ಇದನ್ನೆಲ್ಲ ನನಗೆ ವಿವರಿಸಿದವರು ಜಹೀರ್ ಅಹಮದ್ ಅವರೇ, ಬಹಳ ವರ್ಷಗಳ ಹಿಂದೆ, ಬೇರೆ ಯಾರೋ ಹೊರಟಾಗ.

ಆಗ ಅದು ಚೆಲುವಾದ ಪದ್ಧತಿ ಎನಿಸಿತ್ತು.

ಜನವರಿ 8, ಗುರುವಾರ

ನಡೆದದ್ದನ್ನು ಒಮ್ಮೆ ನೇರವಾಗಿ ಬರೆದಿಡುವುದು ಒಳ್ಳೆಯದು. ಬರೆಯದೆ ಬಿಟ್ಟರೆ ಸಂಗತಿ ತಾನೇ ಬೆಳೆಯುತ್ತ ಹೋಗುತ್ತದೆ.

ಇಪ್ಪತ್ತೆರಡು ವರ್ಷ ಸಂಜೆ ಐದೂವರೆಗೆ ನಾನೂ ಬೈಂಡರೂ ಬಸ್ ಸ್ಟ್ಯಾಂಡ್ ಪಕ್ಕದ ಏಕಶಿಲಾ ಕಾಫಿಯಲ್ಲಿ ಒಂದು ಬೈಟು ಕುಡಿದಿದ್ದೇವೆ. ಲೈಬ್ರರಿಯ ಹರಿದ ಪುಸ್ತಕಗಳನ್ನೂ ವರ್ಷದ ಪತ್ರಿಕೆಗಳನ್ನೂ ಹೊಲಿಯುವವರು ಅವರು, ಹಾಗೆ ಪರಿಚಯ. ಒಂದು ಕಾಫಿ, ಎರಡು ಲೋಟ. ಇಡೀ ಕಾಫಿ ಕುಡಿಯಲಾರದ ಬಡತನ ಇಬ್ಬರಿಗೂ ಇರಲಿಲ್ಲ. ಅರ್ಧ ಲೋಟಕ್ಕೆ ಎಷ್ಟು ಮಾತು ಬೇಕೋ ಅಷ್ಟೇ ನಮ್ಮಲ್ಲಿ ಇತ್ತು ಎಂದು ಕಾಣುತ್ತದೆ.

ಕಳೆದ ಜೂನ್ ಮೊದಲ ವಾರ ಮನೆಯವಳು ಪಾವಗಡಕ್ಕೆ ಹೋದಳು. ಬಡವನಹಳ್ಳಿ ಹೈಸ್ಕೂಲಿನಲ್ಲಿದ್ದವಳು ಪಾವಗಡಕ್ಕೆ ವರ್ಗ ಕೇಳಿ ತೆಗೆದುಕೊಂಡಿದ್ದಳು. ಶಿರಾದಿಂದ ಓಡಾಡುವಷ್ಟು ಹತ್ತಿರವಲ್ಲ ಎನ್ನುವುದು ನೆಪವಲ್ಲ, ನಿಜ. ಆದರೆ ಅವಳು ಎರಡು ಟ್ರಂಕು, ಹೊಲಿಗೆ ಯಂತ್ರ, ಮದುವೆಯಲ್ಲಿ ತಂದಿದ್ದ ಒರಳುಕಲ್ಲು ತೆಗೆದುಕೊಂಡು ಹೋದಳು. ಒರಳುಕಲ್ಲು ತೆಗೆದುಕೊಂಡು ಹೋದವರು ಶನಿವಾರ ವಾಪಸು ಬರುವುದಿಲ್ಲ.

ಆಮೇಲೆ ತಿಳಿಯಿತು. ಪಾವಗಡದಲ್ಲಿ ಮನೆ ಹುಡುಕಿಕೊಟ್ಟವರು ಜಹೀರ್ ಅಹಮದ್. ಅವರ ಹೆಂಡತಿ ಅಮೀನಾಬಿಯ ಅಕ್ಕನ ಮನೆಯ ಮಹಡಿ. ಏಪ್ರಿಲ್‌ನಲ್ಲೇ ಮಾತಾಗಿತ್ತು. ಏಪ್ರಿಲ್, ಮೇ, ಎರಡು ತಿಂಗಳು ಅವರು ನನ್ನ ಎದುರು ಕೂತು ಕಾಫಿ ಕುಡಿದರು. ಮಾವಿನಹಣ್ಣಿನ ಬಗ್ಗೆ, ಗೋಂದಿನ ಬಗ್ಗೆ ಮಾತಾಡಿದರು.

ಜೂನ್ ಹತ್ತರಿಂದ ನಾನು ಏಕಶಿಲಾಗೆ ಹೋಗಿಲ್ಲ. ಬೈಂಡಿಂಗ್ ಕೆಲಸ ತುಮಕೂರಿಗೆ ಕಳಿಸುತ್ತಿದ್ದೇನೆ. ಅಲ್ಲಿಯವರು ಚೆನ್ನಾಗಿ ಹೊಲಿಯುವುದಿಲ್ಲ.

ಜನವರಿ 9, ಶುಕ್ರವಾರ

ಇಲಾಖೆಯಿಂದ ಪತ್ರ. ಭುವನೇಶ್ವರದಲ್ಲಿ ಗ್ರಂಥಪಾಲಕರಿಗೆ ತರಬೇತಿ, 19ರಿಂದ 21. ಹಿಂದೆ ಎರಡು ಸಲ ಇಂಥದ್ದಕ್ಕೆ ಆರೋಗ್ಯ ಸರಿಯಿಲ್ಲವೆಂದು ಬರೆದಿದ್ದೆ. ಈ ಸಲ ಒಪ್ಪಿದೆ. 18ಕ್ಕೆ ವಿಮಾನ, 22ಕ್ಕೆ ವಾಪಸು. ಇಪ್ಪತ್ತೆರಡಕ್ಕೆ ನಾನು ಊರು ತಲುಪುವ ಹೊತ್ತಿಗೆ ಹೊರಡಬೇಕಾದವರು ಹೊರಟಿರುತ್ತಾರೆ.

ಜನವರಿ 12, ಸೋಮವಾರ

ಬೆಳಿಗ್ಗೆ ಏಳಕ್ಕೇ ಬುಕ್ಕಾಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಚಿಂಕಾರ ಜಿಂಕೆಗಳಿವೆ, ನೋಡಿಲ್ಲ ಎಂಬುದು ಕಾರಣ. ಕುರುಚಲು ಕಾಡಿನ ಅಂಚಿನ ಒಂದು ಬಂಡೆಯ ಮೇಲೆ ಮಧ್ಯಾಹ್ನ ಎರಡರವರೆಗೆ ಕೂತಿದ್ದೆ. ಬಂದದ್ದು ಒಂದು ಕುರಿಮಂದೆ. ಕುರಿ ಕಾಯುತ್ತಿದ್ದ ದೊಡ್ಡಹನುಮಯ್ಯ ಎಂಬ ಮುದುಕ ನನ್ನನ್ನು ಬಹಳ ಹೊತ್ತು ನೋಡಿ ಹತ್ತಿರ ಬಂದ.

"ಯಾರ್ನ ಕಾಯ್ತಾ ಇದೀರಿ ಸ್ವಾಮಿ?"

"ಚಿಂಕಾರ."

"ಇಂಗೆ ಬಿಳೀ ಅಂಗಿ ಹಾಕ್ಕಂಡು ಬಂಡೆ ಮ್ಯಾಲೆ ಕುಂತ್ರೆ ಯಾವ್ದು ಬತ್ತದೆ? ಅವು ನಿಮ್ನ ನೋಡ್ಕಂಡು ಆಗ್ಲೇ ಹೋದ್ವು."

ಸಂಜೆ ಮನೆಗೆ ಬಂದರೆ ಎದುರುಮನೆಯ ಇಂದ್ರಮ್ಮ ಗೇಟಿನಲ್ಲೇ ನಿಂತಿದ್ದರು.

"ಎಲ್ಲೋಗ್ಬುಟ್ಟಿದ್ರಿ ಸಾರ್? ಬೈಂಡಿಂಗ್ ಸಾಬ್ರು ಬಂದಿದ್ರು. ಒಂದೂವರೆ ಗಂಟೆ ನಿಮ್ಮ ಮೆಟ್ಲ ಮ್ಯಾಲೆ ಕುಂತಿದ್ರು ಕಣ್ರೀ, ಬಿಸ್ಲಲ್ಲಿ. ಒಳಕ್ಕೆ ಬನ್ನಿ ಅಂದ್ರೆ ಬರ್ಲಿಲ್ಲ. ನನ್ನತ್ರಾನೂ ಮಾಫಿ ಕೇಳಿದ್ರು. ನಂಗೇನ್ ಮಾಡವ್ರೆ ಪಾಪ, ಒಂದ್ಸಲ ಪಂಚಾಂಗಕ್ಕೆ ರಟ್ಟು ಹಾಕ್ಕೊಟ್ಟಿದ್ರು ಅಷ್ಟೇ."

"ನೀವೇನಂದ್ರಿ?"

"ಏನನ್ನಾದು, ಹೋಗ್ಬನ್ನಿ ಸಾಬ್ರೇ, ನಮ್ಗೂ ಒಂದ್ ಕೈ ಮುಗೀರಿ ಅಂದೆ. ಅಷ್ಟಕ್ಕೇ ಕಣ್ಣಲ್ಲಿ ನೀರು ಹಾಕ್ಕಂಡ್ರು."

ಮೆಟ್ಟಿಲ ಮೇಲೆ ಏನೂ ಇರಲಿಲ್ಲ. ಒಂದೂವರೆ ಗಂಟೆ ಕೂತ ಗುರುತು ಕಲ್ಲಿಗೆ ಅಂಟುವುದಿಲ್ಲ. ಆದರೂ ಪಕ್ಕಕ್ಕೆ ಸರಿದು ಹತ್ತಿದೆ.

ಜನವರಿ 14, ಬುಧವಾರ

ಇಂದು ಅವರು ಲೈಬ್ರರಿಗೇ ಬಂದರು. ಹನ್ನೊಂದು ಗಂಟೆ. ಪತ್ರಿಕೆ ಓದುವ ಮೇಜಿನ ಸುತ್ತ ಆರೇಳು ಜನ ಇದ್ದರು. ಗಡ್ಡ ಬಿಟ್ಟಿದ್ದಾರೆ, ಪೂರ್ತಿ ಬಿಳಿ. ಏಳು ತಿಂಗಳಲ್ಲಿ ಕುಗ್ಗಿದ್ದಾರೆ ಅಥವಾ ನಾನು ಅವರನ್ನು ಯಾವಾಗಲೂ ಕೂತಿರುವಾಗಲೇ ನೋಡಿದ್ದೆ.

"ಗೌರೀಶ್ ಸಾರ್."

ಮೊದಲು ಬರೀ ಗೌರೀಶ್ ಎನ್ನುತ್ತಿದ್ದರು.

"ಹೇಳಿ."

"ಗೊತ್ತಲ್ಲ ನಿಮಗೆ. ಹೊಂಟಿದೀನಿ. ತಿಳಿದೋ ತಿಳೀದೆನೋ ಏನಾದ್ರೂ ತಪ್ಪಾಗಿದ್ರೆ..."

"ತಿಳೀದೆ ಮಾಡಿದ್ದು ಯಾವುದು ಅದ್ರಲ್ಲಿ?"

ಪತ್ರಿಕೆ ಓದುವವರು ಪುಟ ತಿರುಗಿಸುವುದನ್ನು ನಿಲ್ಲಿಸಿದರು. ಶಿರಾದಲ್ಲಿ ಇಂಥ ಮೌನಕ್ಕೆ ಕಿವಿಗಳಿರುತ್ತವೆ. ಜಹೀರ್ ಅಹಮದ್ ತಲೆ ತಗ್ಗಿಸಿದರು.

"ತಿಳಿದೇ ಮಾಡಿದ್ದು," ಎಂದರು. "ಅದಕ್ಕೇ ಬಂದಿದೀನಿ."

ಮಾತು ತೋಚದಾಗ ನನಗೆ ಕಚೇರಿಯ ಭಾಷೆ ಬಾಯಿಗೆ ಬರುತ್ತದೆ. "ಅರ್ಜಿ ಕೊಡಿ. ನೋಡ್ತೀನಿ," ಎಂದೆ. ಯಾರೋ ಒಬ್ಬರು ನಕ್ಕರು.

ಅವರು ನಗಲಿಲ್ಲ. "ಆಯ್ತು ಸಾರ್," ಎಂದು ಹೋದರು.

ಚೆನ್ನಾಗಿ ಹೇಳಿದೆ ಎಂದು ಮೂರು ಗಂಟೆಯವರೆಗೂ ಅನ್ನಿಸುತ್ತಿತ್ತು.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳು ಬೀರಲು ಬಂದವರಿಗೆ ತಿರುಗಿ ಕೊಡಲು ಮನೆಯಲ್ಲಿ ಏನೂ ಇರಲಿಲ್ಲ. ಡಬ್ಬದಲ್ಲಿದ್ದ ಸಕ್ಕರೆ ಕೊಟ್ಟೆ. ಇಂದ್ರಮ್ಮನ ಮೊಮ್ಮಗಳು ಶರಣ್ಯಾ ಅದನ್ನು ನೋಡಿ, "ಇದು ಕಾಫಿಗೆ ಹಾಕೋದಲ್ವಾ?" ಎಂದಳು. ಹೌದು ಎಂದೆ.

ಜನವರಿ 16, ಶುಕ್ರವಾರ

ಅವರು ನಿಜವಾಗಿಯೂ ಅರ್ಜಿ ಬರೆದಿದ್ದಾರೆ. ಅಜರ್ ತಂದುಕೊಟ್ಟ. ಇಂಥ ತಪ್ಪನ್ನು ಜಹೀರ್ ಅಹಮದ್ ಮಾತ್ರ ಮಾಡಲು ಸಾಧ್ಯ. ಮೂವತ್ತೈದು ವರ್ಷ ಕಚೇರಿಗಳ ರಿಜಿಸ್ಟರ್ ಹೊಲಿದ ಮನುಷ್ಯ. ಅರ್ಜಿ ಕೊಡಿ ಎಂದರೆ ಅವರಿಗೆ ಅದೊಂದು ದಾರಿ, ಬಾಗಿಲು ಮುಚ್ಚಿದ್ದಲ್ಲ.

ರೂಲ್ದಾರ್ ಹಾಳೆ, ಎಡಕ್ಕೆ ಅಂಚು ಬಿಟ್ಟು, ಶಾಯಿಯಲ್ಲಿ. ಇಲ್ಲಿ ನಕಲು ಮಾಡಿಡುತ್ತೇನೆ.

"ಇಂದ: ಜಹೀರ್ ಅಹಮದ್, ಬೈಂಡರ್, ಜಾಮಿಯಾ ಮಸೀದಿ ಹಿಂಭಾಗ, ಶಿರಾ. ಇವರಿಗೆ: ಶ್ರೀ ಗೌರೀಶ್, ಗ್ರಂಥಪಾಲಕರು. ಮಾನ್ಯರೇ, ವಿಷಯ: ಮಾಫಿ ದಯಪಾಲಿಸುವ ಬಗ್ಗೆ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, 2010ನೇ ಸಾಲಿನ ಪತ್ರಿಕೆಗಳಲ್ಲಿ ಮಾರ್ಚ್ ತಿಂಗಳನ್ನು ತಲೆಕೆಳಗೆ ಹೊಲಿದಿದ್ದೇನೆ. ರಟ್ಟು ಅಂಟಿಸಿದ ಮೇಲೆ ಗೊತ್ತಾಯಿತು, ತಮಗೆ ಹೇಳಲಿಲ್ಲ. ತಾವು ಬರೆದ ಕವಿತೆ ತೋರಿಸಿದಾಗ ಬಹಳ ಚೆನ್ನಾಗಿದೆ ಎಂದಿದ್ದೆ, ಓದಿರಲಿಲ್ಲ, ಅವತ್ತು ಕನ್ನಡಕ ತಂದಿರಲಿಲ್ಲ. ತಮ್ಮ ಮನೆಯವರಾದ ಸಹನಾ ಮೇಡಂ ಅವರು ಮನೆ ಬೇಕು, ಸಾರ್‌ಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದಿದ್ದರು. ಆದ್ದರಿಂದ ಹೇಳಲಿಲ್ಲ. ದಿನಾ ತಮ್ಮ ಮುಖ ನೋಡಿ ಕಾಫಿ ಕುಡಿದೆ. ಅದು ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಕುಡಿದೆ. ನಾಳೆ ಮತ್ತೆ ಯಾರಾದರೂ ಹೆಣ್ಣುಮಗಳು ಹೇಳಬೇಡಿ ಎಂದರೆ ಮತ್ತೆ ಹೇಳುವುದಿಲ್ಲ. ಆ ವಿಷಯವನ್ನೂ ಸೇರಿಸಿ ಮಾಫ್ ಮಾಡಬೇಕೆಂದು ವಿನಂತಿ. ತಮ್ಮ ವಿಶ್ವಾಸಿ."

ಅಭ್ಯಾಸಬಲದಿಂದ ಅರ್ಜಿಗೆ ಸೀಲು ಹೊಡೆದು, ಸಂಖ್ಯೆ ಕೊಟ್ಟು, ಬಂದ ಪತ್ರಗಳ ಕಡತದಲ್ಲಿಟ್ಟೆ. ಆಮೇಲೆ ಗೋದಾಮಿಗೆ ಹೋಗಿ 2010ರ ಸಂಪುಟ ತೆಗೆದೆ. ಮಾರ್ಚ್ ತಲೆಕೆಳಗಾಗಿದೆ. ಹದಿನೈದು ವರ್ಷದಲ್ಲಿ ಯಾರೂ ದೂರು ಕೊಟ್ಟಿಲ್ಲ. ನಾನೂ ಅದನ್ನು ತೆರೆದಿರಲಿಲ್ಲ.

ಜನವರಿ 18, ಭಾನುವಾರ

ಶಿರಾದಿಂದ ಮಧುಗಿರಿ, ಮಧುಗಿರಿಯಿಂದ ಕೊರಟಗೆರೆ ಮೇಲೆ ದೊಡ್ಡಬಳ್ಳಾಪುರ, ಅಲ್ಲಿಂದ ವಿಮಾನ ನಿಲ್ದಾಣ. ಮೂರು ಬಸ್ಸು. ಮಧುಗಿರಿಯಲ್ಲಿ ಇಳಿದಾಗ ಏಕಶಿಲಾದ ಮೂಲ ಅಂಗಡಿ ಎದುರಿಗೇ ಇತ್ತು, ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಕಿಟಕಿಯಷ್ಟು ಜಾಗ. ಮಹಾಲಕ್ಷ್ಮಮ್ಮ ಎನ್ನುವವರು ಅಲ್ಲಿ ಶುರುಮಾಡಿ, ಈಗ ಶಿರಾ, ಕೊರಟಗೆರೆ, ಪಾವಗಡ, ಬಡವನಹಳ್ಳಿ ಎಂದು ಒಂಬತ್ತು ಅಂಗಡಿ. ಡಿಕಾಕ್ಷನ್ ಎಲ್ಲಕ್ಕೂ ಮಧುಗಿರಿಯಲ್ಲೇ ಇಳಿಸಿ ಸ್ಟೀಲ್ ಕ್ಯಾನುಗಳಲ್ಲಿ ಮೊದಲ ಬಸ್ಸಿಗೆ ಏರಿಸುತ್ತಾರೆ. ಹಾಗಾಗಿ ಬೆಳಿಗ್ಗೆ ಶಿರಾದಲ್ಲಿ ಕುಡಿದದ್ದೂ ಪಾವಗಡದಲ್ಲಿ ಕುಡಿದದ್ದೂ ಒಂದೇ ಪಾತ್ರೆಯದು. ಈ ವಿವರಕ್ಕೆ ವಿಶೇಷ ಅರ್ಥವಿಲ್ಲ. ನಾನು ಅಲ್ಲಿ ಕುಡಿಯಲಿಲ್ಲ.

ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ತಲುಪಿದೆ. ಮೊದಲ ಸಲ ಹೋಗುವವರು ಹಾಗೇ ತಲುಪುತ್ತಾರೆ. ಒಳಗೆ ಹೋಗುವ ಬಾಗಿಲುಗಳಿಗಿಂತ ಮುಂಚೆ, ಬಸ್ಸು ನಿಲ್ಲುವ ಕಡೆ, ಸಾಲಾಗಿ ತಿಂಡಿಯ ಅಂಗಡಿಗಳು. ಎಲ್ಲ ಹೆಸರೂ ಬೇರೆ ಲೋಕದವು. ಆ ಸಾಲಿನಲ್ಲಿ ಮೂರನೆಯದರ ಮೇಲೆ ಮಧುಗಿರಿ ಬೆಟ್ಟದ ಚಿತ್ರ, ಕೆಳಗೆ ಏಕಶಿಲಾ ಕಾಫಿ.

ಸಂತೋಷವಾಯಿತು ಎಂದು ಬರೆಯಬೇಕು. ನಿಜ ಹೇಳಬೇಕೆಂದರೆ ಸಿಕ್ಕಿಬಿದ್ದಂತಾಯಿತು. ಮನೆಯಿಂದ ನೂರಾರು ಮೈಲಿ ದೂರ ಹೋಗಿ ಕಾಲು ಚಾಚಿದವನ ಎದುರು ಓಣಿಯವರು ಬಂದು ನಿಂತ ಹಾಗೆ. ಬೋರ್ಡಿಗೆ ಒಳಗಿನಿಂದ ದೀಪ ಹಾಕಿದ್ದಾರೆ. ಬೆಟ್ಟ ಗಾಜಿನದಾಗಿದೆ. ಬೆಲೆ ಬರೆಯುವುದಿಲ್ಲ.

ಕೌಂಟರಿನಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಶೃತಿ ಎಂದಿತ್ತು. ನಾನು ಹೇಳಿದೆ: "ಒಂದು ಬೈಟು."

ಹೇಳಿದ ಮೇಲೆ ನನಗೇ ಕೇಳಿಸಿತು. ಇಪ್ಪತ್ತೆರಡು ವರ್ಷ ಆ ಬೋರ್ಡಿನ ಕೆಳಗೆ ನಾನು ಬೇರೇನೂ ಕೇಳಿಲ್ಲ.

ಅವಳ ಇಂಗ್ಲಿಷು ಅಲ್ಲಿಗೆ ನಿಂತಿತು. "ಬೈಟು ಇಲ್ಲಿ ಬಿಲ್ಲಲ್ಲಿ ಬರಲ್ಲ ಸಾರ್. ಯಾವೂರು ನಿಮ್ದು?"

"ಶಿರಾ."

"ನಮ್ದು ಕೊರಟಗೆರೆ ಹತ್ರ. ಇರಿ, ಒಂದೇ ಬಿಲ್ ಮಾಡಿ ಎರಡು ಕಪ್ಪಿಗೆ ಹಾಕ್ಕೊಡ್ತೀನಿ. ಸೂಪರ್‌ವೈಜರ್ ನೋಡ್ದಂಗೆ ತಗಂಡೋಗ್ಬುಡಿ." ಅಳೆದು ಸಮವಾಗಿ ಹಾಕಿದಳು. "ಇನ್ನೊಬ್ರು ಎಲ್ಲಿ ಸಾರ್?"

"ಬರ್ತಾರೆ."

ಯಾಕೆ ಹಾಗೆ ಹೇಳಿದೆನೋ. ಬೈಟು ಕೇಳಿದವನು ಒಬ್ಬನೇ ಎಂದು ಆ ಹುಡುಗಿಗೆ ಹೇಳಲು ಸಂಕೋಚವಾಯಿತು. ಎರಡು ಕಾಗದದ ಕಪ್ಪು ಹಿಡಿದುಕೊಂಡು ಕಂಬದ ಆಚೆ ಹೋಗಿ ಕೂತೆ. ರುಚಿ ಅದೇ. ಚಿಕೋರಿ ಸ್ವಲ್ಪ ಮುಂದೆ, ಕಹಿ ಹಿಂದೆ. ಒಂದು ಕಪ್ಪು ಕುಡಿದೆ. ಇನ್ನೊಂದು ಎದುರಿನ ಕುರ್ಚಿಯ ಮುಂದೆ ಇತ್ತು. ಅದರ ಮೇಲೆ ಕೆನೆ ಕಟ್ಟುವವರೆಗೆ ಕೂತಿದ್ದು, ಆಮೇಲೆ ಅದನ್ನೂ ಕುಡಿದೆ. ತಣ್ಣಗಿತ್ತು.

ವಿಮಾನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕಿಟಕಿ ಚಿಕ್ಕದು.

ಜನವರಿ 20, ಮಂಗಳವಾರ. ಭುವನೇಶ್ವರ

ಮಧ್ಯಾಹ್ನದ ಉಪನ್ಯಾಸ: ಓದುಗರ ಅಗತ್ಯಗಳನ್ನು ಆಲಿಸುವುದು. ನಲವತ್ತು ಜನ ಗ್ರಂಥಪಾಲಕರು ಊಟ ಮಾಡಿ ತೂಕಡಿಸುತ್ತ ಕೂತಿದ್ದೆವು. ಮೇಲೆ ಫ್ಯಾನು ಒಂದೇ ಸಮನೆ ಕಿರಗುಟ್ಟುತ್ತಿತ್ತು.

ನಮ್ಮ ನಡುಮನೆಯ ಫ್ಯಾನೂ ಹೀಗೇ ಸದ್ದು ಮಾಡುತ್ತದೆ. ಏಪ್ರಿಲ್‌ನ ಒಂದು ಸಂಜೆ ನಾನು ಅದರ ಕೆಳಗೆ ಏನೋ ಓದುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಪಾವಗಡದಲ್ಲಿ ಒಂದು ಮನೆ ನೋಡಿದೀನಿ, ಅಂದಳು. ನಾನು ಹೂಂ ಅಂದೆ.

ಇದು ನಡೆಯಿತು ಎಂದು ಪ್ರಮಾಣ ಮಾಡಲಾರೆ. ಪಾವಗಡದ ಮನೆ ಎಂದರೆ ಯಾರೋ ಟೀಚರದು ಎಂದುಕೊಂಡಿರಬಹುದು. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ, ಇನ್ನೂ ಏನೋ ಹೇಳಿದಳು, ಮೆಲ್ಲಗೆ, ಎರಡು ಮೂರು ವಾಕ್ಯ. ಆಮೇಲೆ ಕೊನೆಯಲ್ಲಿ, ಆಗಬಹುದಾ, ಎಂದಳು. ನಾನು ಮತ್ತೆ ಹೂಂ ಅಂದಿರಬೇಕು. ಸಾಮಾನ್ಯವಾಗಿ ನಾನು ಹಾಗೇ ಹೇಳುವುದು.

ಓದುತ್ತಿದ್ದ ಪುಸ್ತಕ ಯಾವುದು ಎಂದು ನೆನಪು ಮಾಡಿಕೊಳ್ಳಲು ಮುಕ್ಕಾಲು ಗಂಟೆ ಪ್ರಯತ್ನಿಸಿದೆ. ಬರಲಿಲ್ಲ. ಉಪನ್ಯಾಸ ಮುಗಿದು ಚಪ್ಪಾಳೆಯಾಯಿತು. ಸಂಜೆ ಒಂದು ಸಿಹಿತಿಂಡಿ ಕೊಟ್ಟರು, ಹಾಲಿನದು, ಚೆನ್ನಾಗಿತ್ತು. ಸಹನಾಗೆ ಇಷ್ಟವಾಗುವಂಥದ್ದು.

ಜನವರಿ 22, ಗುರುವಾರ

ಹತ್ತೂವರೆಗೆ ಇಳಿದೆ. ಹನ್ನೊಂದೂ ಕಾಲಿಗೆ ದೊಡ್ಡಬಳ್ಳಾಪುರದ ಬಸ್ಸಿತ್ತು. ಕಾಫಿ ಕುಡಿದು ಹೋಗೋಣವೆಂದು ಕೂತೆ, ಅದು ಹೋಯಿತು. ಹನ್ನೆರಡೂವರೆಗೆ ಇನ್ನೊಂದಿತ್ತು. ಅದಕ್ಕೆ ಜನ ಜಾಸ್ತಿ ಇದ್ದರು.

ಶೃತಿ ಗುರುತು ಹಿಡಿದಳು. "ಅವತ್ತಿನೋರು ಬಂದ್ರಾ ಸಾರ್, ಇಲ್ವಾ?"

"ಇಲ್ಲ."

"ಅಯ್ಯೋ, ನಾಕ್ ದಿನದಿಂದ ಇಲ್ಲೇ ಕಾಯ್ತಾ ಇದೀರಾ ಏನು ಕತೆ?"

ಒಂದು ಗಂಟೆಯ ಸುಮಾರಿಗೆ ಎರಡು ಟೆಂಪೋ ಟ್ರಾವೆಲರ್ ಬಂದವು. ಇಬ್ಬರನ್ನು ಕಳಿಸಲು ಮೂವತ್ತು ಜನ. ಬುರ್ಖಾಗಳು, ಹೂವಿನ ಹಾರಗಳು, ಬಿಸಿನೀರಿನ ಫ್ಲಾಸ್ಕು, ನಿದ್ದೆಗಣ್ಣಿನ ಮಕ್ಕಳು. ನಿಲ್ದಾಣದ ಅಗಾಧ ನೆರಳಿನಲ್ಲಿ ಒಂದು ಕ್ಷಣ ಎತ್ತ ಹೋಗಬೇಕೋ ತಿಳಿಯದೆ ಗುಂಪಾಗಿ ನಿಂತರು. ಆಮೇಲೆ ಒಬ್ಬಳ ಧ್ವನಿ: "ಅರೇ, ನಮ್ ಏಕಶಿಲಾ." ಗುಂಪು ಗುಂಪೇ ಇತ್ತ ತಿರುಗಿತು. ಶಿರಾದವರು ಆ ಜಾಗದಲ್ಲಿ ಬೇರೆಲ್ಲಿಗೂ ಹೋಗುವುದು ಸಾಧ್ಯವಿರಲಿಲ್ಲ. ಇದು ನನಗೆ ಮೊದಲೇ ಹೊಳೆದಿತ್ತೆಂದು ಹೇಳಲಾರೆ.

"ಏನ್ ರೇಟ್ ಹಾಕವ್ರೆ ನೋಡೇ ಮಹಜಬೀನ್," ಎಂದು ಒಬ್ಬರು ಅಜರ್‌ನ ಹೆಂಡತಿಗೆ ಹೇಳುತ್ತಿದ್ದರು. "ಶಿರಾದಾಗೆ ಈ ದುಡ್ಡಿಗೆ ಅಂಗ್ಡೀನೇ ಬತ್ತದೆ."

"ವಿಮಾನ ತೋರ್ಸೋದಕ್ಕೂ ಸೇರ್ಸವ್ರೆ ಬುಡಿ ಖಾಲಾ."

ಅಜರ್ ನನ್ನನ್ನು ನೋಡಿದ. ಹಿಂದಕ್ಕೆ ಹೋಗಿ ತಂದೆಯ ತೋಳು ಹಿಡಿದು ಕರೆತಂದ.

ಇಹ್ರಾಮ್ ತೊಟ್ಟಿದ್ದರು. ಸೊಂಟಕ್ಕೊಂದು, ಹೆಗಲಿಗೊಂದು, ಎರಡು ಬಿಳಿ ಬಟ್ಟೆ, ಎಲ್ಲಿಯೂ ಹೊಲಿಗೆಯಿಲ್ಲ. ಜೀವಮಾನವೆಲ್ಲ ಹೊಲಿದ ಮನುಷ್ಯ ಹಾಗೆ ನಿಂತದ್ದು ವಿಚಿತ್ರವಾಗಿ ಕಂಡಿತು. ಅವರ ಬೆರಳುಗಳಲ್ಲಿ ಗೋಂದಿನ ಕಲೆ ಇರಲಿಲ್ಲ. ಉಜ್ಜಿ ತೆಗೆದಿದ್ದರು, ಚರ್ಮ ಕೆಂಪಾಗಿತ್ತು.

"ಸಾರ್, ನೀವು ಇಲ್ಲಿ..."

"ಟ್ರೈನಿಂಗ್ ಇತ್ತು. ಬಸ್ಸಿಗೆ ಕಾಯ್ತಾ ಇದೀನಿ."

"ಅರ್ಜಿ ಕೊಟ್ಟಿದ್ದೆ."

"ಬಂದಿದೆ."

"ಏನಾಯ್ತು?"

"ವಿಲೇವಾರಿ ಆಗಿಲ್ಲ."

ಅವರು ತಲೆಯಾಡಿಸಿದರು. ಕಚೇರಿಗಳ ಬಗ್ಗೆ ಅವರಿಗೆ ತಾಳ್ಮೆ ಜಾಸ್ತಿ. ಆದರೆ ಹಿಂದಿನಿಂದ ಅಮೀನಾಬಿ ಬಂದರು. ನಮ್ಮ ಮನೆಗೆ ನೂರು ಸಲ ಬಂದವರು, ಸಹನಾಗೆ ಖೀರು ಮಾಡುವುದನ್ನು ಕಲಿಸಿದವರು. ಗಂಡನನ್ನು ಪಕ್ಕಕ್ಕೆ ಸರಿಸಿ ನನ್ನ ಎದುರಿನ ಕುರ್ಚಿ ಎಳೆದು ಕೂತರು.

"ಏನಣ್ಣಾ ನೀವು. ಆಫೀಸ್ ಮಾತು ಆಫೀಸಲ್ಲೇ ಬುಟ್ಟುಬನ್ನಿ. ಹತ್ತು ದಿನದಿಂದ ಈ ಮನುಷ್ಯ ನೆಟ್ಟಗೆ ಉಂಡಿಲ್ಲ. ಊರವ್ರೆಲ್ಲ ಮಾಫ್ ಮಾಡವ್ರೆ. ಬೀದೀಲಿ ಜಗ್ಳ ಆಡಿದೋರೂ ಮಾಡವ್ರೆ. ನೀವೊಬ್ರು ಬಾಕಿ."

"ಹೇಳಿದ್ರೆ ಆಯ್ತಲ್ಲ, ಹೇಳ್ತೀನಿ."

"ಹಂಗೆ ಬ್ಯಾಡ. ಕಳ್ಸೋದಕ್ಕೆ ಅಂತ ಹೇಳೋ ಮಾಫಿ ಅಲ್ಲಿ ನಡೆಯಲ್ಲ. ಮನ್ಸಿಲ್ಲಾಂದ್ರೆ ಇಲ್ಲ ಅನ್ನಿ. ಅಲ್ಲಿ ನಿಂತ್ಕಂಡು ಇವ್ರು, ಒಬ್ರು ಮಾಡ್ಲಿಲ್ಲ ಮಾಲೀಕ್, ಅಂತ ಹೇಳ್ಕೊಂತಾರೆ. ಅದೂ ಒಂದ್ ದಾರಿ. ಸುಳ್ಳು ಮಾತ್ರ ಬ್ಯಾಡ."

ಜಹೀರ್ ಭಾಯ್ ನೆಲ ನೋಡುತ್ತಿದ್ದರು. ಮೂವತ್ತು ಜನ ಕಾಫಿ ಕುಡಿಯುವುದನ್ನು ನಿಲ್ಲಿಸಿದ್ದರು. ಆ ಕ್ಷಣ ನಾನು ನನ್ನೊಳಗೆ ಕೋಪವನ್ನು ಹುಡುಕಿದೆ ಎಂದು ಬರೆಯಬೇಕು. ಹುಡುಕಿದೆ, ಇಟ್ಟ ಜಾಗದಲ್ಲಿ ಇರಲಿಲ್ಲ. ಅಲ್ಲಿ ಒಂದು ಫ್ಯಾನು ತಿರುಗುತ್ತಿತ್ತು ಅಷ್ಟೇ.

"ಅವಳು ನನಗೆ ಹೇಳಿದ್ಲು ಅನ್ಸುತ್ತೆ ಅಮೀನಕ್ಕಾ," ಎಂದೆ. "ಏಪ್ರಿಲ್‌ನಲ್ಲೇ. ನಾನು ಕೇಳಿಸ್ಕೊಳ್ಲಿಲ್ಲ."

ಅಮೀನಾಬಿ ಗಂಡನ ಕಡೆ ತಿರುಗಿದರು. ನಾನೂ ಅತ್ತ ತಿರುಗಿದೆ.

"ಹಂಗಾಗಿ ಇದ್ರಲ್ಲಿ ಮಾಫ್ ಮಾಡೋದು ಎಷ್ಟಿದೆ ಅಂತ ಗೊತ್ತಿಲ್ಲ. ಇರೋದನ್ನೆಲ್ಲ ಮಾಡಿದೀನಿ ಜಹೀರ್ ಭಾಯ್. ಮಾರ್ಚ್ ತಿಂಗಳೂ ಸೇರಿಸಿ. ಮುಂದೆ ಹೇಳದೇ ಇರೋದೂ ಸೇರಿಸಿ. ಕವಿತೆ ಮಾತ್ರ ಕಷ್ಟ."

ಅವರು ನಕ್ಕರೋ ಅತ್ತರೋ. ನನ್ನ ಎರಡೂ ಕೈ ಹಿಡಿದುಕೊಂಡರು. ಅಮೀನಾಬಿ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಒಂದ್ ಕಾಫಿ ಕೊಡ್ಸಿ ಯಾರಾದ್ರೂ, ಗಂಟ್ಲು ಒಣಗೋಯ್ತು," ಎಂದರು.

ಹೊರಡುವ ಹೊತ್ತಾಯಿತು. ಹೆಗಲ ಬಟ್ಟೆ ಸರಿಮಾಡಿಕೊಳ್ಳುತ್ತ ಜಹೀರ್ ಭಾಯ್ ನನ್ನ ಪಕ್ಕ ನಡೆಯುತ್ತಿದ್ದರು. ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಕೇಳಿದೆ. ಕೇಳಬೇಕೆಂದು ಬಂದಿರಲಿಲ್ಲ.

"ಹೆಂಗಿದಾಳೆ?"

ಅವರು ನಿಂತರು. ಅವರಿಗೆ ಗೊತ್ತಿದೆ ಎನ್ನುವುದು ಮುಖದಲ್ಲೇ ಇತ್ತು. ಪಾವಗಡದ ಮಹಡಿಯ ಸುದ್ದಿ ವಾರಕ್ಕೊಮ್ಮೆ ಅಮೀನಾಬಿಯ ಅಕ್ಕನಿಂದ ಬರುತ್ತಿರಬೇಕು.

"ಹೇಳ್ಬೇಡಿ ಅಂದವ್ರೆ ಗೌರೀಶ್."

ಹಿಂದಿದ್ದ ಅಮೀನಾಬಿ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ. ಈಗಿನ್ನೂ ತಗಂಡಿರೋ ಮಾಫಿ, ಬಿಸಿ ಆರಿಲ್ಲ."

ನನಗೆ ನಗು ಬಂತು. ಬಹಳ ದಿನದ ಮೇಲೆ ಬಂದದ್ದರಿಂದ ಕೆಮ್ಮಿನ ಹಾಗೆ ಬಂತು. ಜಹೀರ್ ಭಾಯ್ ಮಾತ್ರ ನಗಲಿಲ್ಲ. ಬಹಳ ಗಂಭೀರವಾಗಿ, "ಅವ್ರನ್ನೇ ಕೇಳಿ," ಎಂದರು. "ಕೇಳಿದ್ರೆ ಹೇಳ್ತಾರೆ. ಅಷ್ಟು ಮಾತ್ರ ನಾನು ಹೇಳ್ಬೋದು."

ಒಳಗೆ ಹೋದರು. ಗಾಜಿನ ಆಚೆ ಸಾಲಿನಲ್ಲಿ ಇನ್ನೂ ಹಲವು ಬಿಳಿ ಬಟ್ಟೆಯವರಿದ್ದರು. ಸ್ವಲ್ಪ ಹೊತ್ತಿಗೆ ಯಾರು ಯಾರೆಂದು ತಿಳಿಯದಾಯಿತು. ಅಜರ್ ಟೆಂಪೋದಲ್ಲಿ ಜಾಗವಿದೆ ಬನ್ನಿ ಎಂದ. ಶಿರಾದವರೆಗೆ ಮಹಜಬೀನ್‌ಳ ಮಗು ನನ್ನ ತೊಡೆಯ ಮೇಲೆ ಮಲಗಿತ್ತು. ಕಾಲು ಜೋಮು ಹಿಡಿಯಿತು.

ಜನವರಿ 23, ಶುಕ್ರವಾರ

ಬೆಳಿಗ್ಗೆ ಲೈಬ್ರರಿಗೆ ಹೋಗುವ ಮುಂಚೆ ಪಾವಗಡಕ್ಕೆ ಫೋನ್ ಮಾಡಿದೆ. ಶಾಲೆಗೆ ಹೊರಡುವ ಹೊತ್ತು. ಐದಾರು ಸಲ ರಿಂಗಾದ ಮೇಲೆ ಎತ್ತಿದಳು.

"ಹೇಗಿದ್ದೀಯ?"

ಅತ್ತ ಕಡೆ ಪಾತ್ರೆಯ ಸದ್ದು ನಿಂತಿತು.

"ಜಹೀರ್ ಸಾಹೇಬ್ರು ಏನಾದ್ರೂ ಹೇಳಿದ್ರಾ?"

"ಇಲ್ಲ. ಕೇಳ್ದೆ. ಹೇಳ್ಲಿಲ್ಲ."

ಫೋನ್ ಇಟ್ಟಳೇನೋ ಎಂದು ಪರದೆ ನೋಡಿಕೊಂಡೆ. ಇಟ್ಟಿರಲಿಲ್ಲ.

"ಸ್ಕೂಲಿಗೆ ಅರ್ಧ ಗಂಟೆ ಇದೆ. ಹೇಳ್ತೀನಿ," ಎಂದಳು. "ಕೈಯಲ್ಲಿ ಏನಾದ್ರೂ ಹಿಡ್ಕೊಂಡಿದೀರಾ?"

ಹಿಡಿದುಕೊಂಡಿದ್ದೆ. ಪತ್ರಿಕೆ. ಮಡಿಸಿ ನೆಲದ ಮೇಲಿಟ್ಟು, ಇಲ್ಲ ಎಂದೆ.